ಅಸಲು ಗಿಟ್ಟುವ ಲೆಕ್ಕ

ಜೆನೋವಾ ಬಂದರಿನೆದುರು, ಮೀನಿನ ವಾಸನೆಯೂ ಡೀಸೆಲ್ಲಿನದೂ
ಜಗಳವಾಡಿಕೊಂಡೇ ಜೊತೆಗೆ ಬರುವ ಮೂಲೆಯಲ್ಲಿ
ನನ್ನದೊಂದು ಗಾಜಿನ ಗೂಡು.
ಹನ್ನೊಂದು ವರ್ಷದಿಂದ ಪಾಸು ಮಾರುತ್ತಿದ್ದೇನೆ.
ಒಂದು ದಿನದ್ದು ಹಳದಿ, ಎರಡು ದಿನದ್ದು ನೀಲಿ.
ಗಾಜಿಗೆ ಕೊರೆದ ತೂತಿನಿಂದ ಬೆಳಗಿನಿಂದ ಸಂಜೆಯವರೆಗೆ
ಬಾಯಿ ಬೇರೆ, ಪ್ರಶ್ನೆ ಒಂದೇ:
ಗಿಟ್ಟುತ್ತದಾ?

ಗಿಟ್ಟುತ್ತದೆ ಅನ್ನುತ್ತೇನೆ.
ಸಂಬಳ ಕೊಡುವುದು ಅದಕ್ಕೇ.

ಇವತ್ತು ಬಂದವರು ಅಣ್ಣ ತಂಗಿ, ಊದಿನೆ ಕಡೆಯವರು,
ಎಪ್ಪತ್ತರ ಆಚೆಯೋ ಈಚೆಯೋ.
ಅವನು ಎಲ್ವಿಯೊ, ಕಿವಿಯ ಮೇಲೆ ಚೋಟುದ್ದ ಪೆನ್ಸಿಲು.
ಅವಳು ನಿವೆಸ್, ಚೀಲದಲ್ಲಿ ಮನೆಯಿಂದ ಕಟ್ಟಿ ತಂದ ಬ್ರೆಡ್ಡು, ಎರಡು ಕಿತ್ತಳೆ.
ಹಿಂದೆ ಸಾಲು ಬೆಳೆಯುತ್ತಿದ್ದರೂ
ನನ್ನ ಕಟ್ಟೆಗೇ ಕಾಗದ ಒತ್ತಿ ಅವನು ಬರೆಯತೊಡಗಿದ:
ಅರಮನೆ ಮೂರು, ಇಷ್ಟು. ದೀಪಸ್ತಂಭ, ಇಷ್ಟು.
ಹಡಗಿನ ಮ್ಯೂಸಿಯಂ. ಗುಡ್ಡ ಹತ್ತುವ ರೈಲು, ಒಂದು ಸಲ.

‘ಇಳಿಯುವುದು?’ ಅಂದೆ.
‘ನಡೆದೇ’ ಅಂದ, ತಲೆಯೆತ್ತದೆ.
ತಂಗಿ ತನ್ನ ಮಂಡಿಯನ್ನೊಮ್ಮೆ ನೋಡಿಕೊಂಡಳು.
ಅವನು ಇಳಿಯುವುದನ್ನೂ ಸೇರಿಸಿದ.

‘ಐದು ನೋಡಿದರೆ ಅಸಲು. ಆರಾದರೆ ಲಾಭ.
ನಾಲ್ಕಕ್ಕೇ ನಿಂತೆವೋ
ಮುನಿಸಿಪಾಲಿಟಿಗೆ ದಾನ ಕೊಟ್ಟಂತೆ.’

‘ಒಂದೇ ಚಿತ್ರದ ಮುಂದೆ ಕೂತುಬಿಟ್ಟರೆ?’
ಅವಳು ಕೇಳಿದ್ದು ಅವನನ್ನಲ್ಲ, ನನ್ನನ್ನು.
‘ಕೂತಲ್ಲೇ ಮಧ್ಯಾಹ್ನವಾದರೆ? ಆಗ ಯಾವ ಬಣ್ಣದ್ದು?’
ಆ ಬಣ್ಣ ಇನ್ನೂ ಅಚ್ಚಾಗಿ ಬಂದಿಲ್ಲ ಅಂದೆ.
ನಕ್ಕಳು. ‘ನೀವು ಏನೇನು ನೋಡಿದ್ದೀರಿ ಇದರಲ್ಲಿ?’

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಅರಮನೆ ಒಂದು, ಶಾಲೆಯಿಂದ ಕರೆದೊಯ್ದಾಗ;
ಪಕ್ಕದ ಹುಡುಗಿ ಅಮೃತಶಿಲೆಯ ಮೇಲೆ ವಾಂತಿ ಮಾಡಿದ್ದು ನೆನಪಿದೆ,
ಗೋಡೆಗಳ ನೆನಪಿಲ್ಲ.
ದೀಪಸ್ತಂಭವನ್ನು ದಿನಾ ನೋಡುತ್ತೇನೆ,
ಅಡುಗೆಮನೆ ಕಿಟಕಿಯಿಂದ, ಪಾತ್ರೆ ತೊಳೆಯುತ್ತ,
ಪುಕ್ಕಟೆ.

ಎಲ್ವಿಯೊ ಪೆನ್ಸಿಲನ್ನು ಕಿವಿಗೇರಿಸಿದ.
‘ಒಂದು ಹಳದಿ ಕೊಡಿ.’
‘ಇವರಿಗೆ?’
‘ಇವಳಿಗೆ ಯಾವುದೂ ಬೇಡ.’
ಅರವತ್ತು ವರ್ಷದ ಹಿಂದೆಯೇ ತೀರ್ಮಾನವಾದಂತಿತ್ತು
ಅವರ ನಡುವೆ, ಯಾರು ಓಡುವವರು, ಯಾರು ಕೂರುವವರು ಎಂದು.

ಅವನು ಓಡಿದ.
ನನ್ನ ಗೂಡಿನ ಮುಂದೆ ನಾಲ್ಕು ಸಲ ಹಾದುಹೋದ,
ಪ್ರತಿ ಸಲ ಬೆರಳೆತ್ತಿ ತೋರಿಸುತ್ತ: ಎರಡು. ಮೂರು.
ಅವಳು ಒಂದೇ ಅರಮನೆಗೆ ಬಿಡಿ ಟಿಕೆಟು ಕೊಂಡಳು,
ಅರ್ಧ ಗಂಟೆಗೇ ವಾಪಸು ಬಂದಳು.
ಕೂರಲು ಅಲ್ಲಿ ಕುರ್ಚಿಯೇ ಇರಲಿಲ್ಲವಂತೆ;
ಕಿಟಕಿಕಟ್ಟೆಗೆ ಒರಗಿದ್ದಕ್ಕೆ ಕಾವಲಿನವನು ಗದರಿದನಂತೆ.
ಚಿತ್ರ ಚೆನ್ನಾಗಿತ್ತು, ಅಂದಳು. ಎಡಗಡೆಯದು, ನೋಡಿದಷ್ಟು.
ಆಮೇಲೆ ನನ್ನೆದುರಿನ ಬೆಂಚಿನಲ್ಲಿ,
ಬಂದರಿಗೆ ಬೆನ್ನು ಹಾಕಿ, ಕಿತ್ತಳೆ ಸುಲಿದಳು.
ಒಂದು ತೊಳೆಯನ್ನು ತೂತಿನಿಂದ ನನಗೂ ಕೊಟ್ಟಳು.

ಸಂಜೆ ಅವನು ಬಂದಾಗ ಅಂಗಿ ಬೆನ್ನಿಗಂಟಿತ್ತು,
ಮುಖ ಮಾತ್ರ ಹತ್ತು ವರ್ಷದ ಹುಡುಗನದು.
‘ಐದು! ಆರನೆಯದರ ಬಾಗಿಲು
ನನ್ನ ಮೂಗಿನೆದುರೇ ಹಾಕಿದರು. ಇರಲಿ, ಅಸಲು ಬಂತು.’
ಮತ್ತೆ ದನಿ ತಗ್ಗಿಸಿ,
‘ದೀಪಸ್ತಂಭದ ಮೇಲಿಂದ ಕೈ ಬೀಸಿದೆ.
ತುಂಬ ಹೊತ್ತು ಬೀಸಿದೆ. ಕಂಡಿತಾ?’

‘ಕಂಡಿತು’ ಅಂದಳು ನಿವೆಸ್.
ನನ್ನ ಕಡೆ ನೋಡಲಿಲ್ಲ.

ಏಳಕ್ಕೆ ಶಟರು ಎಳೆದೆ.
ನಾಳೆಯಿಂದ ಹಳದಿಗೆ ಎರಡು ಯೂರೋ ಜಾಸ್ತಿ,
ಹೊಸ ದರದ ಹಾಳೆ ಅಂಟಿಸಿದ್ದು ಸೊಟ್ಟಗಾಯಿತು, ಬಿಟ್ಟೆ.
ಮನೆಯಲ್ಲಿ ಪಾತ್ರೆ ರಾಶಿ ಬಿದ್ದಿತ್ತು.
ಕಿಟಕಿಯಾಚೆ ಆ ಬೆಳಕು ಬಂತು, ಹೋಯಿತು, ಬಂತು.
ಮೇಲೆ ಈಗ ಯಾರೂ ಇರುವುದಿಲ್ಲ, ಆರಕ್ಕೇ ಬೀಗ, ನನಗೆ ಗೊತ್ತು.
ಆದರೂ ಸೋಪಿನ ಕೈಯನ್ನು ಎತ್ತಿ
ಒಂದು ಸಲ ಬೀಸಿದೆ.
ನೊರೆ ಮೊಣಕೈವರೆಗೆ ಇಳಿಯಿತು.